ಗುಂಯ್ ಶಬ್ದ ಅಳಿಸುವ ಮುನ್ನ

ನಮ್ಮವರ ಪೈಕಿ ಯಾರ ಮನೆಯ ಮಕ್ಕಳಾದರೂ ಸೌಂಡ್ ಸ್ಟುಡಿಯೋ ಕೆಲಸಕ್ಕೆ ಸೇರುತ್ತೇವೆಂದು ಹಟ ಹಿಡಿದರೆ ಅವರ ತಾಯಂದಿರು ನನಗೆ ಫೋನ್ ಮಾಡುತ್ತಾರೆ. "ಸ್ವಲ್ಪ ಬುದ್ಧಿ ಹೇಳಿ ಆಂಟಿ" ಎನ್ನುತ್ತಾರೆ. ಅವರಿಗೆ ಬೇಕಾದ ಬುದ್ಧಿ ಯಾವುದೆಂದು ನನಗೆ ಗೊತ್ತು. ಮಗು ಕಂಪ್ಯೂಟರ್ ಓದಲಿ, ಗಿಟಾರು ಗ್ಯಾರೇಜಿನಲ್ಲಿರಲಿ. ನಾನು ಮಗುವಿನ ಕೈಗೆ ಫೋನ್ ಕೊಡಿ ಎಂದು ಹೇಳಿ, "ಸ್ಟುಡಿಯೋಗೆ ಹೋಗುವಾಗ ಸ್ವೆಟರ್ ತಗೊಂಡು ಹೋಗಪ್ಪ, ಒಳಗೆ ಚಳಿ ಜಾಸ್ತಿ" ಎನ್ನುತ್ತೇನೆ. ಹೀಗೆ ಕೆಲವು ಮನೆಗಳ ಸ್ನೇಹ ಕಳೆದುಕೊಂಡಿದ್ದೇನೆ.

ಈಗ ನಿವೃತ್ತಳಾಗಿ ಟೆಕ್ಸಾಸಿನ ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್ ಮನೆಯಲ್ಲಿ ಕೂತಿದ್ದೇನೆ. ಫೋನಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆದಿಡೋಣ ಅನ್ನಿಸಿತು. ಬಡ್ತಿಯ ಬಗ್ಗೆ ಬರೆಯುವುದಿಲ್ಲ. ಎರಡು ಸಲ ಸಿಕ್ಕಿತು, ಎರಡು ಸಲವೂ ಕುರ್ಚಿ ಮಾತ್ರ ಬದಲಾಯಿತು.

ನನ್ನ ಕೆಲಸ ಇಷ್ಟೇ. ಹಳೆಯ ಟೇಪುಗಳು ಸಾಯುವ ಮೊದಲು ಅವುಗಳಲ್ಲಿರುವ ಹಾಡನ್ನು ಹೊರಗೆ ತೆಗೆಯುವುದು, ತೊಳೆದು ಒರೆಸಿ ಮತ್ತೆ ಕೇಳುವಂತೆ ಮಾಡುವುದು. ಇದನ್ನು ಡಾಕ್ಟರುಗಳು, ಸಾಫ್ಟ್‌ವೇರಿನವರು ತುಂಬಿದ ಊಟದ ಮನೆಗಳಲ್ಲಿ ವಿವರಿಸುವುದು ಸುಲಭವಲ್ಲ. ಡಲ್ಲಾಸ್ ಹತ್ತಿರದ ಸೌತ್‌ಲೇಕಿನಲ್ಲಿ ಒಬ್ಬ ಹೃದಯದ ಡಾಕ್ಟರ ಮನೆಯ ಯುಗಾದಿ ಊಟಕ್ಕೆ ಹೋಗಿದ್ದಾಗ ಒಬ್ಬಾಕೆ, "ನಿಮ್ದೇನು ಕೆಲಸ?" ಎಂದು ಕೇಳಿದರು. ಟೇಪುಗಳನ್ನು ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು ಒಣಗಿಸಬೇಕಾಗುತ್ತದೆ, ಅದಕ್ಕೆ ನಮ್ಮ ಕಸುಬಿನಲ್ಲಿ ಬೇಕಿಂಗ್ ಅಂತಲೇ ಹೆಸರು. ನಾನು ಹೋಳಿಗೆ ಅಗಿಯುತ್ತಾ, "ಬೇಕ್ ಮಾಡೋದು" ಎಂದುಬಿಟ್ಟೆ. ಮುಂದಿನ ತಿಂಗಳು ಆಕೆ ಮೊಮ್ಮಗಳ ಹುಟ್ಟುಹಬ್ಬಕ್ಕೆ ಮೊಟ್ಟೆ ಇಲ್ಲದ ಕೇಕ್ ಆರ್ಡರ್ ಮಾಡಿದರು. ಮಾಡಿಕೊಟ್ಟೆ. ಚೆನ್ನಾಗಿರಲಿಲ್ಲ.

ಮೊದಲ ಕೆಲಸ ಸಿಕ್ಕಿದ್ದು ಡಲ್ಲಾಸಿನಲ್ಲಿ. ನಾವಾಗ ಅಲ್ಲೇ ಪಕ್ಕದ ಲೂಯಿಸ್‌ವಿಲ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ನಮ್ಮನೆಯವರು ರಸ್ತೆ ಕಟ್ಟುವ ಎಂಜಿನಿಯರು. ನಾನು ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಮದುವೆಯಾಗಿ ಬಂದವಳು, ಮನೆಯಲ್ಲಿ ಕೂತು ಕೂತು ಟೋಸ್ಟರ್ ಬಿಚ್ಚಿ ಜೋಡಿಸುವ ಹಂತಕ್ಕೆ ಬಂದಿದ್ದೆ. ಒಂದು ಕ್ಯಾಸೆಟ್ ಕಾಪಿ ಮಾಡುವ ಕಾರ್ಖಾನೆಯವರು ನನ್ನನ್ನು ತೆಗೆದುಕೊಂಡರು. ಅಲ್ಲಿ ಮೇಲಧಿಕಾರಿ ಡ್ವೇನ್, ದೊಡ್ಡ ಟೋಪಿಯ ಮನುಷ್ಯ. ಮೊದಲ ದಿನ ಅವನು ಹೇಳಿದ್ದು ಒಂದೇ ಮಾತು. "ಸರೋಜಾ, ನೀನು ಇಲ್ಲಿ ಕೆಲಸ ಮಾಡ್ತಿದ್ದೀಯ ಅಂತ ಕ್ಯಾಸೆಟ್ ಕೇಳಿದವರಿಗೆ ಗೊತ್ತಾದರೆ, ನೀನು ಕೆಲಸ ಸರಿಯಾಗಿ ಮಾಡಿಲ್ಲ ಅಂತ ಅರ್ಥ."

ಆ ಯಂತ್ರಗಳು ಹಾಡನ್ನು ಹಲವು ಪಟ್ಟು ವೇಗದಲ್ಲಿ ಕಾಪಿ ಮಾಡುತ್ತಿದ್ದವು. ಹೆಡ್‌ಫೋನ್ ಹಾಕಿಕೊಂಡು ಅದೇ ವೇಗದಲ್ಲಿ ಕೇಳಿ ಪಾಸ್ ಮಾಡುವುದು ನನ್ನ ಕೆಲಸ. ಆ ವೇಗದಲ್ಲಿ ಎಲ್ಲರೂ ಅಳಿಲುಗಳು. ಪಾದ್ರಿ ಅಳಿಲು, ಕೌಬಾಯ್ ಅಳಿಲು, ಯೋಗ ಕಲಿಸುವ ಅಳಿಲು. ಹೀಗಾಗಿ ಒಂದು ಚರ್ಚಿನ ಪ್ರವಚನದ ಕ್ಯಾಸೆಟ್ಟಿನ ಎರಡನೇ ಬದಿಗೆ ಬಿಯರ್ ಅಂಗಡಿಯಲ್ಲಿ ಕುಣಿಯುವ ಹಾಡುಗಳು ಸೇರಿಕೊಂಡು, ನನ್ನ ಕಿವಿಯಡಿಯಿಂದಲೇ ಪಾಸಾಗಿ, ಇಡೀ ಸಭೆಗೆ ಹಂಚಿಹೋದವು. ಪಾದ್ರಿಯ ಫೋನ್ ಬಂದಾಗ ಡ್ವೇನ್ ಟೋಪಿ ತೆಗೆದು ಎದೆಗೆ ಹಿಡಿದುಕೊಂಡು ಮಾತಾಡಿದ. ಪಾದ್ರಿ ಬೈಯಲಿಲ್ಲವಂತೆ. ತನ್ನ ಸಭೆಯ ಮುದುಕರು ಮೊದಲ ಸಲ ಕ್ಯಾಸೆಟ್ ತಿರುಗಿಸಿ ಹಾಕಿ ಪೂರ್ತಿ ಕೇಳುತ್ತಿದ್ದಾರೆ, ಮುಂದಿನ ಕ್ಯಾಸೆಟ್ ಯಾವಾಗ ಎಂದು ಪೀಡಿಸುತ್ತಿದ್ದಾರೆ ಎಂದನಂತೆ. ಡ್ವೇನ್ ಫೋನ್ ಇಟ್ಟು ನನ್ನ ಕಡೆ ನೋಡಿ, "ಈಗ ಎಲ್ಲರಿಗೂ ಗೊತ್ತಾಯ್ತು ನೀನಿದ್ದೀಯ ಅಂತ" ಎಂದ. ಕೆಲಸ ಹೋಗಲಿಲ್ಲ.

ಆಮೇಲೆ ನಮ್ಮನೆಯವರಿಗೆ ಹ್ಯೂಸ್ಟನ್ ಹೆದ್ದಾರಿಯ ಕೆಲಸ ಬಂತು, ನಾವು ಅಲ್ಲಿಗೆ ಶಿಫ್ಟ್ ಆದೆವು. ಹ್ಯೂಸ್ಟನ್ನಿನ ಹವೆ ಟೇಪಿಗೆ ಶತ್ರು. ಗಾಳಿಯ ತೇವವನ್ನೆಲ್ಲ ಟೇಪು ಹೀರಿಕೊಂಡು ಅಂಟಂಟಾಗುತ್ತದೆ, ಯಂತ್ರಕ್ಕೆ ಹಾಕಿದರೆ ಕೀರಲಿಡುತ್ತದೆ, ಹಾಡು ಕಂದು ಬಣ್ಣದ ಮೆತ್ತೆಯಾಗಿ ಉದುರುತ್ತದೆ. ಅದಕ್ಕೇ ಒಣಗಿಸುವ ಉಪಚಾರ. ಒಣಗಿಸಿದ ಟೇಪು ಕೆಲವು ದಿನ ಮಾತ್ರ ಮಾತಾಡುತ್ತದೆ, ಅಷ್ಟರಲ್ಲಿ ನಕಲು ತೆಗೆದುಕೊಳ್ಳಬೇಕು. ಅಲ್ಲಿನ ಸ್ಟುಡಿಯೋ ಒಡತಿ ಮಾರ್ಜರಿ, ನಗುವುದಕ್ಕೂ ಮುಂಚೆ ಕಾರಣ ಕೇಳುವ ಹೆಂಗಸು. ಅವಳ ಬಳಿ ಪ್ರಯೋಗಶಾಲೆಯ ಒಂದು ಓವನ್ ಇತ್ತು. ಒಂದು ಸೋಮವಾರ ಅದು ಕೆಟ್ಟು ಕೂತಿತು. ಆ ವಾರವೇ ಒಬ್ಬ ಮುದಿ ಕೌಬಾಯ್ ಗಾಯಕ ತನ್ನ ಹರೆಯದ ಟೇಪು ಕೇಳಲು ಬರುವವನಿದ್ದ.

ನಮ್ಮ ಮನೆಯಲ್ಲಿ ಹಣ್ಣು ತರಕಾರಿ ಒಣಗಿಸುವ ತಟ್ಟೆಗಳ ಒಂದು ಯಂತ್ರ ಇತ್ತು. ಬಾಲ್ಕನಿಯಲ್ಲಿ ಸಂಡಿಗೆ ಇಟ್ಟರೆ ಇಲ್ಲಿನ ಗ್ರ್ಯಾಕಲ್ ಹಕ್ಕಿಗಳು ಬಳಗ ಸಮೇತ ಊಟಕ್ಕೆ ಬರುತ್ತವೆ, ಅಪಾರ್ಟ್‌ಮೆಂಟಿನವರು ನೋಟಿಸ್ ಅಂಟಿಸುತ್ತಾರೆ. ಅದಕ್ಕೇ ಕೊಂಡದ್ದು. ಬಿಸಿ ಸಣ್ಣದು, ಒಂದೇ ಸಮ. ಟೇಪಿಗೆ ಹೇಳಿ ಮಾಡಿಸಿದ ಹಾಗಿತ್ತು. ಮಾರ್ಜರಿಗೆ, "ನನ್ನ ಬಳಿ ಒಂದು ಸಲಕರಣೆ ಇದೆ" ಎಂದಷ್ಟೇ ಹೇಳಿದೆ. ಹಿಂದಿನ ಭಾನುವಾರ ಅದರಲ್ಲಿ ಬಾಳಕದ ಮೆಣಸಿನಕಾಯಿ ಒಣಗಿಸಿದ್ದೆ ಎಂದು ಹೇಳಲಿಲ್ಲ. ತೊಳೆದಿದ್ದೆ, ಆದರೆ ಮಜ್ಜಿಗೆಯಲ್ಲಿ ನೆಂದ ಮೆಣಸು ಯಾರ ಮಾತು ಕೇಳುತ್ತದೆ?

ಗಾಯಕ ಬಂದ. ಯಂತ್ರದ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡ. ಟೇಪು ಸುತ್ತತೊಡಗಿದಂತೆ ಘಾಟು ಎದ್ದಿತು. ಮಾರ್ಜರಿ ಸೀನಿದಳು. ಮುದುಕನ ಕಣ್ಣಲ್ಲಿ ಧಾರೆ. ಹಾಡು ಮುಗಿದಾಗ ಅವನು ಕರವಸ್ತ್ರದಿಂದ ಮುಖ ಒರೆಸಿಕೊಂಡು, "ನನ್ನ ದನಿ ನನ್ನನ್ನೇ ಅಳಿಸಿತು ನೋಡಿ, ನಾನು ತಾಯಿ ಸತ್ತಾಗಲೂ ಅತ್ತವನಲ್ಲ" ಎಂದ. ಮಾರ್ಜರಿ ಅವನ ಭುಜ ತಟ್ಟಿದಳು. ಬಾಯಿ ಮುಚ್ಚಿಕೊಂಡಿರುವುದೂ ಈ ಕಸುಬಿನ ಒಂದು ಭಾಗ. ಹೊಸಬರಿಗೆ ನನ್ನ ಸಲಹೆ, ಅಡುಗೆಯ ಯಂತ್ರ ಬೇರೆ ಇಡಿ, ಟೇಪಿನದು ಬೇರೆ ಇಡಿ.

ಕಾಲ ಬದಲಾಯಿತು. ಬ್ಲೇಡಿನಿಂದ ಟೇಪು ಕತ್ತರಿಸಿ ಅಂಟಿಸುತ್ತಿದ್ದ ಕೈಗಳು ಮೌಸ್ ಹಿಡಿದವು. ಎಲ್ಲಕ್ಕಿಂತ ದೊಡ್ಡ ಬದಲಾವಣೆ ಗುಂಯ್ ಶಬ್ದದ್ದು. ಎಲ್ಲಿ ಕರೆಂಟಿದೆಯೋ ಅಲ್ಲಿ ಅದಿದೆ. ನಮ್ಮೂರ ಕರೆಂಟು ಸೆಕೆಂಡಿಗೆ ಐವತ್ತು ಸಲ ಅಲ್ಲಾಡುತ್ತದೆ, ಇಲ್ಲಿನದು ಅರವತ್ತು. ಹಾಗಾಗಿ ಮೈಸೂರಿನ ಗುಂಯ್ ಕೊಂಚ ತಗ್ಗು, ಟೆಕ್ಸಾಸಿನದು ಕೊಂಚ ಏರು. ಹಿಂದೆ ಅದನ್ನು ತಗ್ಗಿಸಲು ತಂತಿ ತಂತಿ ಹುಡುಕಬೇಕಿತ್ತು. ಈಗ ಸಾಫ್ಟ್‌ವೇರಿಗೆ ಗುಂಯ್‌ನ ಒಂದು ತುಣುಕು ತೋರಿಸಿದರೆ ಸಾಕು, ಹಾಡಿನಿಂದ ಅದನ್ನು ಬೇರುಸಮೇತ ಕೀಳುತ್ತದೆ. ನಾನು ಅದರಲ್ಲಿ ಪಳಗಿದೆ. ಆಸ್ಟಿನ್‌ಗೆ ಬಂದ ಮೇಲೆ ಸ್ಟುಡಿಯೋದವರು ನನ್ನನ್ನು ಗುಂಯ್ ಸಂಹಾರಿ ಎನ್ನುವ ಅರ್ಥದಲ್ಲಿ ಕರೆಯುತ್ತಿದ್ದರು. ನನಗೂ ಹೆಮ್ಮೆ ಇತ್ತು, ಸುಳ್ಳು ಯಾಕೆ ಹೇಳಲಿ.

ಆ ಹೆಮ್ಮೆಯ ಕಾಲದಲ್ಲೇ, ನಿವೃತ್ತಿಗೆ ಸ್ವಲ್ಪ ಮುಂಚೆ, ಡಲ್ಲಾಸಿನಿಂದ ಕೈಲ್ ಎಂಬ ಯುವಕ ಒಂದು ಟೇಪು ಹಿಡಿದು ಬಂದ. ಹಳೆಯ ಆಲ್ಬಮ್‌ಗಳನ್ನು ಹುಡುಕಿ ಮತ್ತೆ ಹೊರತರುವ ಸಣ್ಣ ಕಂಪನಿ ಅವನದು. ಗಡ್ಡ ಇತ್ತು, ವಿನಯ ಇತ್ತು, ಮಾತು ಮಾತಿಗೆ ಮ್ಯಾಮ್ ಎನ್ನುತ್ತಿದ್ದ. ಟೇಪು ಒಬ್ಬ ಹೆಂಗಸಿನದು, ಹೆಸರು ಡೆಲ್ಲಾ. ಪಂಕ್ ಎಂಬ ಗಲಾಟೆಯ ಸಂಗೀತ ಇಳಿಮುಖವಾಗಿ, ಗಲಾಟೆ ಮಾಡಿದವರೇ ಇನ್ನೇನು ಮಾಡೋಣ ಎಂದು ತಲೆ ಕೆರೆದುಕೊಳ್ಳುತ್ತಿದ್ದ ಎಂಬತ್ತರ ದಶಕದ ಶುರುವಿನಲ್ಲಿ, ಆಕೆ ತನ್ನ ಬ್ಯಾಂಡ್ ಬಿಟ್ಟು, ಹ್ಯೂಸ್ಟನ್ನಿನ ಒಂದು ಬಾಡಿಗೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಒಬ್ಬಳೇ ಮಾಡಿದ ಆಲ್ಬಮ್. ಹೆಸರನ್ನು ಕನ್ನಡಕ್ಕೆ ತಂದರೆ 'ಕೋಣೆಯ ಹವೆ'. ಗಿಟಾರನ್ನು ಚಮಚದಿಂದ ಬಾರಿಸಿದ್ದಳು. ಸೂಟ್‌ಕೇಸು ಡ್ರಮ್ಮಾಗಿತ್ತು. ಹಾಡುತ್ತಾ ಹಾಡುತ್ತಾ ಸಾಲಿನ ಮಧ್ಯದಲ್ಲೇ ನಿಂತುಬಿಡುತ್ತಿದ್ದಳು, ಒಂದಷ್ಟು ಹೊತ್ತು ಏನೂ ಇಲ್ಲ, ಮತ್ತೆ ಎಲ್ಲಿ ಬಿಟ್ಟಿದ್ದಳೋ ಅಲ್ಲಿಂದ ಶುರು. ಅಂಗಡಿಗಳಲ್ಲಿ ಆಗ ಯಾರೂ ಕೊಂಡಿರಲಿಲ್ಲ. ಈಗ ಅದರ ಹಳೆಯ ರೆಕಾರ್ಡ್ ಸಿಕ್ಕರೆ ಹುಡುಗರು ದೇವರ ಪಟದ ಹಾಗೆ ಗೋಡೆಗೆ ಹಾಕುತ್ತಾರಂತೆ.

ಕೈಲ್ ಆ ನಿಲುಗಡೆಗಳ ಬಗ್ಗೆ ನನಗೆ ಬಹಳ ಹೊತ್ತು ವಿವರಿಸಿದ. ಅದು ಮೌನದ ರಾಜಕೀಯ, ಹೆಣ್ಣಿನ ದನಿಯನ್ನು ಕತ್ತರಿಸುವ ಸಮಾಜಕ್ಕೆ ಉತ್ತರ ಎಂದ. ಇನ್ನೊಂದು ರಹಸ್ಯವೂ ಇತ್ತು. ಕವರಿನ ಹಿಂಭಾಗದಲ್ಲಿ, ಹಾಡು ಮತ್ತು ಎಲ್ಲ ವಾದ್ಯ ಡೆಲ್ಲಾ ಎಂದು ಮುದ್ರಿಸಿ, ಕೆಳಗೆ 'ಜೊತೆಗೆ: ಹೆರಾಲ್ಡ್' ಎಂದಿತ್ತು. ಈ ಹೆರಾಲ್ಡ್ ಯಾರೆಂದು ಅಭಿಮಾನಿಗಳಲ್ಲಿ ಎರಡು ಪಂಗಡ. ಒಂದು ಪಂಗಡ ಪ್ರೇಮಿ ಎನ್ನುತ್ತದೆ, ಇನ್ನೊಂದು ಸತ್ತುಹೋದ ಬೇಸ್ ಗಿಟಾರಿನವನು ಎನ್ನುತ್ತದೆ. ಕೈಲ್ ಡೆಲ್ಲಾಳನ್ನೇ ಕೇಳಿದ್ದನಂತೆ. "ಹಗಲೂ ರಾತ್ರಿ ನನ್ನ ಜೊತೇಲೇ ಇರ್ತಿದ್ದ, ತಣ್ಣನೆ ಮನುಷ್ಯ" ಎಂದು ನಕ್ಕು ಮಾತು ಬದಲಾಯಿಸಿದಳಂತೆ. ಅವನು ಪ್ರೇಮಿಯ ಪಂಗಡಕ್ಕೆ ಸೇರಿಬಿಟ್ಟಿದ್ದ.

ಟೇಪನ್ನು ಒಣಗಿಸಿ ನಕಲು ತೆಗೆದೆ. ಹಾಡಿನಡಿ ಗುಂಯ್ ಎನ್ನುವ ಸದ್ದು ದಟ್ಟವಾಗಿತ್ತು, ಮಧ್ಯೆ ಮಧ್ಯೆ ನಿಂತು ಮತ್ತೆ ಬರುತ್ತಿತ್ತು. ಯಾವುದೋ ಸಡಿಲ ತಂತಿ ಅಂದುಕೊಂಡೆ. ಕೈಲ್, "ಇದನ್ನು ಪೂರ್ತಿ ತೆಗೀಬೇಕು ಮ್ಯಾಮ್, ಆಕೆಯ ದನಿ ಮೊದಲ ಸಲ ಶುದ್ಧವಾಗಿ ಕೇಳಬೇಕು" ಎಂದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವಳಲ್ಲ ನಾನು, ಆದರೆ ಗುಂಯ್ ಎಂದರೆ ನನ್ನ ಕೈ ಸುಮ್ಮನಿರುವುದಿಲ್ಲ. ತೆಗೆದೆ. ಗಾಜಿನ ಹಾಗೆ ಸ್ವಚ್ಛವಾಯಿತು. ಸ್ಟುಡಿಯೋದಲ್ಲಿ ಎಲ್ಲರೂ ಬಂದು ಕೇಳಿ ಹೊಗಳಿ ಹೋದರು. ಕೈಲ್ ಒಂದು ಕಾಪಿಯನ್ನು ಹ್ಯೂಸ್ಟನ್ನಿಗೆ ಡೆಲ್ಲಾಳಿಗೆ ಕಳಿಸಿದ. ಆಕೆ ಕೇಳಿ ಒಪ್ಪದೆ ಒಂದು ತುಣುಕೂ ಹೊರಗೆ ಹೋಗುವಂತಿಲ್ಲ ಎಂದು ಮೊದಲೇ ಮಾತಾಗಿತ್ತು.

ಮುಂದಿನ ವಾರ ಆಕೆಯೇ ಆಸ್ಟಿನ್ನಿಗೆ ಡ್ರೈವ್ ಮಾಡಿಕೊಂಡು ಬಂದಳು. ಎಪ್ಪತ್ತು ದಾಟಿದ, ಬೆಳ್ಳಿ ಕೂದಲು ಕತ್ತರಿಸಿಕೊಂಡ, ತುಟಿಯ ಅಂಚಿನಲ್ಲಿ ತಮಾಷೆ ಇಟ್ಟುಕೊಂಡ ಹೆಂಗಸು. ಎರಡೂ ಕಿವಿಗೆ ಹಿಯರಿಂಗ್ ಏಡ್. ಬ್ಯಾಂಡಿನಲ್ಲಿ ಕಿರುಚಾಡಿದ್ದಕ್ಕೆ ಕಿವಿಗಳು ಬಾಡಿಗೆ ವಸೂಲು ಮಾಡಿದವು ಎಂದು ನಗಾಡಿದಳು. ನನಗೆ ಕಂಡ ಕ್ಷಣದಿಂದ ಇಷ್ಟವಾದಳು. ಕಾಫಿ ಕೊಟ್ಟೆ. ಕುಡಿದು ಮುಗಿಸಿ ಟೇಪು ವಾಪಸ್ ಕೊಡಿ ಎಂದಳು.

"ಏನಾಯ್ತು? ಎಲ್ಲಾದರೂ ತಪ್ಪಿದೆಯಾ?" ಎಂದು ಕೇಳಿದೆ.

"ನಿನ್ನ ತಪ್ಪೇನಿಲ್ಲ ಡಿಯರ್. ಬಹಳ ಶುದ್ಧವಾಗಿದೆ. ಅದಕ್ಕೇ ಗೊತ್ತಾಯ್ತು. ಆ ಹುಡುಗಿಗೆ ಹಾಡೋಕೆ ಬರ್ತಿರಲಿಲ್ಲ. ಎಲ್ಲಾ ಅಪಸ್ವರ. ಸುಮ್ಮಸುಮ್ಮನೆ ನಿಲ್ತಾಳೆ, ಸುಮ್ಮಸುಮ್ಮನೆ ಶುರು ಮಾಡ್ತಾಳೆ."

ಕೈಲ್ ಮೌನದ ರಾಜಕೀಯ ಎಂದು ಬಾಯಿ ತೆರೆದ. ಆಕೆ ಕೈಯೆತ್ತಿ ತಡೆದಳು. "ಮಗೂ, ನಾನು ಆ ಕೋಣೆಯಲ್ಲಿ ಇದ್ದವಳು. ಇಷ್ಟು ವರ್ಷ ಬೇರೆ ಏನೂ ಮಾಡದಿದ್ದರೂ ಒಂದು ಒಳ್ಳೆ ಕೆಲಸ ಮಾಡಿದ್ದೆ ಅಂದುಕೊಂಡು ಬದುಕಿದೆ. ಹೋಟೆಲಿನಲ್ಲಿ ತಟ್ಟೆ ಎತ್ತುವಾಗಲೂ ಅದೊಂದು ಧೈರ್ಯ ಇತ್ತು. ಈಗ ಕೇಳಿದರೆ ಅವಳು ಅಲ್ಲಿ ಒಬ್ಬಳೇ ನಿಂತು ಒದ್ದಾಡ್ತಿದ್ದಾಳೆ. ಹೆರಾಲ್ಡ್ ಕೂಡ ಕಾಣ್ತಾ ಇಲ್ಲ. ನನ್ನ ನೆನಪೇ ಸುಳ್ಳು ಇರಬೇಕು. ಮುಚ್ಚಿಡಿ ಇದನ್ನ, ಯಾರಿಗೂ ಕೇಳಿಸಬೇಡಿ."

ತಮಾಷೆ ತುಟಿಯಿಂದ ಇಳಿದುಹೋಗಿತ್ತು. ನಾನು ಒಂದು ವಾರ ಟೈಮ್ ಕೇಳಿಕೊಂಡೆ. ಆಕೆ ಭುಜ ಕುಣಿಸಿ, ವಾರದ ಮೇಲೆ ಟೇಪು ಮನೆಗೆ ಬರಬೇಕು ಎಂದು ಹೇಳಿ ಹೋದಳು.

ಕೈಲ್‌ಗೆ ಒಂದೇ ಹೊಳೆಯಿತು. ಹೆರಾಲ್ಡನ ಬೇಸ್ ಗಿಟಾರು ಬೇರೆ ಟ್ರ್ಯಾಕಿನಲ್ಲಿ ಎಲ್ಲೋ ಅಡಗಿದೆ, ನಾವು ಬಿಟ್ಟಿದ್ದೇವೆ! ಟೇಪಿನಲ್ಲಿ ಇದ್ದದ್ದು ನಾಲ್ಕು ಟ್ರ್ಯಾಕು. ನಾಲ್ಕನ್ನೂ ಒಂದೊಂದಾಗಿ ಸ್ಪೀಕರಿಗೆ ಕಿವಿಯಿಟ್ಟು ಕೇಳಿದೆವು. ಚಮಚ, ಸೂಟ್‌ಕೇಸು, ಆಟಿಕೆಯ ಕೀಬೋರ್ಡು, ಡೆಲ್ಲಾ. ಯಾವ ಗಂಡಸೂ ಇರಲಿಲ್ಲ. ಒಂದು ಕಡೆ ಯಾರೋ ಕೆಮ್ಮಿದರು, ಕೈಲ್ ಕುರ್ಚಿಯಿಂದ ಎದ್ದು ನಿಂತ. ಅದೂ ಡೆಲ್ಲಾಳ ಕೆಮ್ಮೇ.

ಇಲ್ಲಿ ನಮ್ಮನೆಯವರ ಸಂಗೀತದ ವಿಷಯ ಹೇಳಬೇಕು. ಅವರು ಧಾರವಾಡದವರು. ಧಾರವಾಡದಲ್ಲಿ ಹುಟ್ಟಿದ ಮೇಲೆ ಹಾಡಲೇಬೇಕು ಎನ್ನುವ ಒಂದು ನಂಬಿಕೆ ಅವರಿಗೆ. ನಿವೃತ್ತಿಯ ಮೇಲೆ ಗ್ಯಾರೇಜಿನಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಹಚ್ಚಿಕೊಂಡು ಅಭ್ಯಾಸಕ್ಕೆ ಕೂತರು. ಹಿಂದಿನ ವರ್ಷ ಹಿಯರಿಂಗ್ ಏಡ್ ಬಂದ ಮೇಲೆ ಒಂದು ದಿನ ಆ ತಂಬೂರಿ ಡಬ್ಬಿಯನ್ನು ತಂದು ನನ್ನ ಮುಂದೆ ಕುಕ್ಕಿದರು.

"ಸರೋಜಾ, ಇದು ಕೆಟ್ಟದ ನೋಡು. ಸಪ್ಪಳನ ಬರವಲ್ದು."

ಡಬ್ಬಿ ಇಡೀ ಮನೆ ತುಂಬುವ ಹಾಗೆ ಮೊಳಗುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ರೇಗಿಸಿದೆ. ಆಮೇಲೆ ಅರ್ಥವಾಯಿತು. ಹೊಸ ಹಿಯರಿಂಗ್ ಏಡುಗಳಿಗೆ ಮನುಷ್ಯರ ಮಾತು ಮುಖ್ಯ. ಒಂದೇ ಸಮ ಮೊಳಗುವ ಯಾವುದನ್ನಾದರೂ ಅವು ಗದ್ದಲವೆಂದು ತಿಳಿದು ಒರೆಸಿಹಾಕುತ್ತವೆ. ಫ್ಯಾನು, ಫ್ರಿಜ್ಜು, ತಂಬೂರಿ ಎಲ್ಲ ಅವಕ್ಕೆ ಒಂದೇ. ಪಾಪ, ನಮ್ಮನೆಯವರು ತಿಂಗಳುಗಟ್ಟಲೆ ತಂಬೂರಿ ಇಲ್ಲದೆ ಹಾಡಿದ್ದರು, ನನಗೆ ವ್ಯತ್ಯಾಸ ಗೊತ್ತಾಗಿರಲಿಲ್ಲ. ಅಂದಿನಿಂದ ಏಡ್ ಕಳಚಿಟ್ಟು, ತಂಬೂರಿಯನ್ನು ಪೂರ್ತಿ ಏರಿಸಿ ಹಾಡುತ್ತಾರೆ. ಪಕ್ಕದ ಮನೆಯವರು ಜೇನು ಸಾಕಿದ್ದೀರಾ ಎಂದು ವಿಚಾರಿಸಿದ್ದರು.

ಡೆಲ್ಲಾ ಕೊಟ್ಟ ವಾರ ಮುಗಿಯುತ್ತಾ ಬಂದಿತ್ತು. ಒಂದು ಮಧ್ಯಾಹ್ನ ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಆ ಸ್ವಚ್ಛವಾದ ಹಾಡುಗಳನ್ನು ಹಾಕಿ ಅವಲಕ್ಕಿ ಒಗ್ಗರಣೆ ಮಾಡುತ್ತಿದ್ದೆ. ನಮ್ಮನೆಯವರು ಅಭ್ಯಾಸ ಮುಗಿಸಿ ಏಡ್ ಇಲ್ಲದೆ ಬಂದು ಕೂತಿದ್ದರು, ಹಾಗಾಗಿ ವಾಲ್ಯೂಮ್ ಜೋರಾಗಿಯೇ ಇತ್ತು. ನಿಜ ಹೇಳಬೇಕೆಂದರೆ ಡೆಲ್ಲಾ ಹೇಳಿದ್ದು ಸರಿಯೇ ಅನ್ನಿಸುತ್ತಿತ್ತು. ಅವಳ ಸ್ವರ ಯಾವ ಮನೆಗೂ ಸೇರದೆ, ಪಿಯಾನೋದ ಎರಡು ಮನೆಗಳ ಸಂದಿಯಲ್ಲಿ ನೇತಾಡುತ್ತಿತ್ತು.

ಅಷ್ಟರಲ್ಲಿ ಕಿಟಕಿಯಾಚೆ ಗೋಡೆಗೆ ಒರಗಿಸಿದ ನಮ್ಮ ಮನೆಯ ಏಸಿ ಧಡಕ್ಕೆಂದು ಆನ್ ಆಗಿ ಗುಂಯ್‌ಗುಡತೊಡಗಿತು.

ಹಾಡು ಕೂತಿತು. ಅದಕ್ಕೆ ಬೇರೆ ಮಾತಿಲ್ಲ. ನೇತಾಡುತ್ತಿದ್ದ ಸ್ವರ ಬಂದು ಆ ಗುಂಯ್ ಮೇಲೆ ತಳವೂರಿ ಕೂತುಬಿಟ್ಟಿತು. ಚಮಚದ ಗಿಟಾರೂ ಕೂತಿತು. ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

"ಈಗ ಸ್ವರ ಕೂತ್ತು ನೋಡು," ಎಂದರು ನಮ್ಮನೆಯವರು, ಅವಲಕ್ಕಿಯ ಕಡೆಯಿಂದ ಕಣ್ಣು ತೆಗೆಯದೆ. "ಮೊದಲ ಯಾಕ ತಂಬೂರಿ ಬಂದ್ ಮಾಡಿ ಹಾಡಿಸಿದ್ರು ಆಕಿನ್ನ?"

ಒಗ್ಗರಣೆ ಸೀದಿತು. ನಾನು ಸ್ಟುಡಿಯೋಗೆ ಓಡಿದೆ. ನಾನು ಅಳಿಸುವ ಮೊದಲಿನ ನಕಲು ಕಂಪ್ಯೂಟರಿನಲ್ಲಿ ಹಾಗೇ ಇತ್ತು. ಅದನ್ನು ಹಾಕಿ ಕೇಳಿದೆ. ಗುಂಯ್ ಬಂದಾಗ ಹುಡುಗಿ ಹಾಡುತ್ತಾಳೆ. ಗುಂಯ್ ನಿಂತ ಕೂಡಲೇ, ಸಾಲು ಅರ್ಧವಾಗಿದ್ದರೂ, ನಿಲ್ಲಿಸಿ ಕಾಯುತ್ತಾಳೆ. ಮತ್ತೆ ಗುಂಯ್ ಬಂದರೆ ಮತ್ತೆ ಹಾಡು. ಹ್ಯೂಸ್ಟನ್ನಿನ ಬೇಸಿಗೆ, ಬಾಡಿಗೆ ಕೋಣೆ, ಕಿಟಕಿಯಲ್ಲಿ ಸಿಕ್ಕಿಸಿದ ಹಳೆಯ ಏಸಿ. ಕೋಣೆ ತಣ್ಣಗಾದಾಗ ತಾನೇ ನಿಲ್ಲುತ್ತದೆ, ಬಿಸಿಯಾದಾಗ ತಾನೇ ಶುರುವಾಗುತ್ತದೆ. ಹುಡುಗಿ ಅದಕ್ಕೇ ಗಿಟಾರು ಶ್ರುತಿ ಮಾಡಿಕೊಂಡು, ಅದರ ಜೊತೆಯೇ ಹಾಡಿದ್ದಾಳೆ. ಹಗಲೂ ರಾತ್ರಿ ಜೊತೆಯಲ್ಲೇ ಇದ್ದ ಆ ತಣ್ಣನೆ ಮನುಷ್ಯನನ್ನು ನಾನು ಸಾಫ್ಟ್‌ವೇರ್ ಹಾಕಿ ಅಳಿಸಿದ್ದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು.

ಕೈಲ್‌ಗೆ ಫೋನ್ ಮಾಡಿ, "ಹೆರಾಲ್ಡ್ ಸಿಕ್ಕಿದ" ಎಂದೆ.

"ಬದುಕಿದ್ದಾನಾ ಮ್ಯಾಮ್?" ಎಂದ.

"ಕಿಟಕಿಯಲ್ಲಿ ಕೂತಿದ್ದಾನೆ. ಏಸಿ ಅವನು."

ಆ ಕಡೆ ಬಹಳ ಹೊತ್ತು ಸದ್ದಿಲ್ಲ. ಮೌನದ ರಾಜಕೀಯ ಎಂದರೆ ಇದೇ ಇರಬೇಕು.

ಮರುದಿನ ನಾವು ಹ್ಯೂಸ್ಟನ್ನಿಗೆ ಹೋದೆವು. ಕೈಲ್ ಡಲ್ಲಾಸಿನಿಂದ ನೇರ ಬಂದ. ನಾನು ಆಸ್ಟಿನ್ನಿನಿಂದ ಹೊರಟೆ, ಡ್ರೈವ್ ಮಾಡಲು ನಮ್ಮನೆಯವರು. ತಾವು ಕಟ್ಟಿದ ರಸ್ತೆ ಬಂದ ಕೂಡಲೇ ಅವರು ಕಾರು ನಿಧಾನ ಮಾಡಿ ತೋರಿಸುತ್ತಾರೆ, ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಡೆಲ್ಲಾಳ ಮನೆ ಚಿಕ್ಕದು, ಒಳಗೆ ಬ್ಯಾಂಡಿನ ಕಾಲದ ಒಂದು ದೊಡ್ಡ ಸ್ಪೀಕರು ಟಿವಿ ಸ್ಟ್ಯಾಂಡ್ ಆಗಿ ನಿವೃತ್ತಿ ಜೀವನ ನಡೆಸುತ್ತಿತ್ತು. ಟಿವಿ ಇಳಿಸಿ ಅದಕ್ಕೆ ತಂತಿ ಜೋಡಿಸಿ, ಗುಂಯ್ ಇರುವ ನಕಲನ್ನು ಹಾಕಿದೆ. ನಮಗೆಲ್ಲ ರೋಮಾಂಚ. ಕೈಲ್ ಕಣ್ಣು ಮುಚ್ಚಿಕೊಂಡ.

ಡೆಲ್ಲಾ ತಲೆಯಲ್ಲಾಡಿಸಿದಳು. "ಮೊನ್ನೆ ಕೇಳಿದ್ದೇ ಇದು. ಏನೂ ಬದಲಾಗಿಲ್ಲ. ನನಗೋಸ್ಕರ ಇಷ್ಟು ಕಷ್ಟಪಟ್ಟಿರಿ, ಥ್ಯಾಂಕ್ಸ್. ಟೇಪು ಕೊಡಿ."

ನಾನು ಸ್ಪೀಕರು ಕೆಟ್ಟಿದೆಯೇ ಎಂದು ಬಗ್ಗಿ ನೋಡಿದೆ. ಗುಂಯ್ ನೆಲದಲ್ಲಿ ನಡುಗುತ್ತಿತ್ತು. ಆಗ ಆಕೆಯ ಕಿವಿ ಕಂಡಿತು. ನನ್ನ ಸಾಫ್ಟ್‌ವೇರ್ ಮಾಡಿದ ಕೆಲಸವನ್ನೇ ಆ ಪುಟ್ಟ ಯಂತ್ರಗಳೂ ಮಾಡುತ್ತಿದ್ದವು. ಎಷ್ಟು ವರ್ಷದಿಂದ ಈಕೆ ಯಾವ ಏಸಿಯ ಸದ್ದನ್ನೂ ಕೇಳಿಲ್ಲವೋ!

ಏಡ್ ತೆಗೆಯಿರಿ ಎಂದರೆ ಆಕೆಗೆ ರೇಗಿತು. "ಇದು ತೆಗೆದರೆ ನನಗೆ ಹಾಡೇ ಕೇಳಲ್ಲ, ಮಾತೇ ಕೇಳಲ್ಲ. ಕಿವುಡಿಗೆ ಹಾಡು ಕೇಳಿಸೋಕೆ ಬಂದಿದ್ದೀರಾ?" ಅದೂ ನಿಜ. ಏಡ್ ಇದ್ದರೆ ಹಾಡು ಇದೆ, ಶ್ರುತಿ ಇಲ್ಲ. ತೆಗೆದರೆ ಶ್ರುತಿ ಇದೆ, ಹಾಡು ಇಲ್ಲ. ನಮ್ಮನೆಯವರು ಎದ್ದು ಹೋಗಿ ಆಕೆಯ ಮುಂದೆ ಕೂತರು. ತಮ್ಮ ಎರಡೂ ಕಿವಿಯ ಏಡ್ ಕಳಚಿ ಅಂಗೈಯಲ್ಲಿ ಹಿಡಿದು ತೋರಿಸಿದರು. "ಮೇಡಂ, ನಾನೂ ಹಿಂಗ ಹಾಡ್ತೀನಿ," ಎಂದು ಇಂಗ್ಲಿಷಿನಲ್ಲಿ, ಮನೆಯೆಲ್ಲ ನಡುಗುವ ಹಾಗೆ ಕೂಗಿ ಹೇಳಿದರು. "ಹೆಂಡತಿಗೆ ಇಷ್ಟ ಇಲ್ಲ. ಆದರೂ ಹಾಡ್ತೀನಿ."

ಡೆಲ್ಲಾ ನಕ್ಕಳು. ನಗುತ್ತಲೇ ತನ್ನವನ್ನೂ ಕಳಚಿದಳು. ನಾನು ಆಕೆಯ ಎರಡೂ ಕೈ ಹಿಡಿದು ಸ್ಪೀಕರಿನ ಮೇಲೆ ಇಟ್ಟು, ಹಾಡನ್ನು ಮೊದಲಿನಿಂದ ಹಾಕಿದೆ.

ಗುಂಯ್ ಬಂತು. ಆಕೆಯ ಮುಖ ಬದಲಾಯಿತು. "ಹೆರಾಲ್ಡ್," ಎಂದಳು, ಪಕ್ಕದ ಕೋಣೆಯಿಂದ ಯಾರನ್ನೋ ಕರೆಯುವ ಹಾಗೆ.

ಆಮೇಲೆ ಆಕೆ ಹಾಡತೊಡಗಿದಳು. ಸ್ಪೀಕರಿನಲ್ಲಿದ್ದ ಹುಡುಗಿಯ ದನಿ ಆಕೆಗೆ ಒಂದಿಷ್ಟೂ ಕೇಳುತ್ತಿರಲಿಲ್ಲ. ಕೈಯಡಿಯ ಗುಂಯ್ ಒಂದೇ. ದನಿ ಒಡೆದಿತ್ತು, ಉಸಿರು ಸಾಲುತ್ತಿರಲಿಲ್ಲ, ಆದರೆ ಹುಡುಗಿ ನಿಂತ ಸ್ವರದ ಮೇಲೆಯೇ ಮುದುಕಿಯೂ ನಿಂತಿದ್ದಳು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಇಬ್ಬರೂ ಒಂದು ಸಾಲಿನ ಅರ್ಧಕ್ಕೆ ಬಂದರು. ಹೆರಾಲ್ಡ್ ನಿಂತ. ಇಬ್ಬರೂ ನಿಂತರು.

ಕೋಣೆಯಲ್ಲಿ ಏನೂ ಸದ್ದಿಲ್ಲ. ಕೈಲ್ ಏನೋ ಹೇಳಲು ಉಸಿರೆಳೆದ, ನಾನು ಅವನ ತೋಳು ಚಿವುಟಿದೆ. ಡೆಲ್ಲಾ ಕಣ್ಣು ಮುಚ್ಚಿ, ಬಾಯಿ ಅರೆ ತೆರೆದು ಕಾಯುತ್ತಿದ್ದಳು. ಎಷ್ಟು ಹೊತ್ತಾಯಿತೋ. ಗುಂಯ್ ಎಂದಿತು. ಹುಡುಗಿ ಮತ್ತು ಮುದುಕಿ ಒಟ್ಟಿಗೆ, ಒಂದೇ ಉಸಿರಿನಲ್ಲಿ, ಉಳಿದ ಅರ್ಧ ಸಾಲನ್ನು ಎತ್ತಿಕೊಂಡರು.

ನನಗೆ ಅಳು ಬಂತು. ಅಲ್ಲಿ ಮೆಣಸಿನಕಾಯಿ ಯಾವುದೂ ಇರಲಿಲ್ಲ.

ಹಾಡು ಮುಗಿದ ಮೇಲೂ ಆಕೆ ಸ್ಪೀಕರಿನಿಂದ ಕೈ ತೆಗೆಯಲಿಲ್ಲ. ಏಡ್ ಹಾಕಿಕೊಳ್ಳಲೂ ಇಲ್ಲ. ನನ್ನ ಕಡೆ ತಿರುಗಿ, ಕಿವಿ ಕೇಳದವರು ಮಾತಾಡುವಷ್ಟು ಗಟ್ಟಿಯಾಗಿ ಕೇಳಿದಳು, "ನಿಜ ಹೇಳು, ಆ ಹುಡುಗಿ ಸ್ವರದಲ್ಲಿ ಇದ್ದಳಾ?"

ನಾನು ಹೌದೆಂದು ತಲೆಯಾಡಿಸಿದೆ.

"ಒಂದು ಸಲಾನೂ ತಪ್ಪಲಿಲ್ಲವಾ?"

ಇಲ್ಲ ಎಂದು ತಲೆಯಾಡಿಸಿದೆ.

"ಹಾಗಾದರೆ ಬಾಗಿಲು ತೆಗೀರಿ," ಎಂದಳು ಡೆಲ್ಲಾ. "ಹೊರಗೆ ಬರಲಿ ಅವಳು."